ಇಲ್ಲದ ಹಲಗೆ ಸೇತುವೆ ದಾಟಿ ಬಂದವರು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಮುದಗಲ್‌ನಲ್ಲಿ. ಅಲ್ಲಿ ಕೋಟೆಯ ಮೂಲೆಗೊಂದು ಕಥೆ. ಹಾಳು ಬಾವಿಯೊಂದು ಕಂಡರೆ ಸಾಕು, ಅದರೊಳಗೆ ಯಾರನ್ನಾದರೂ ಕೂರಿಸದಿದ್ದರೆ ನಮ್ಮ ಓಣಿಯವರಿಗೆ ಉಂಡದ್ದು ಅರಗುತ್ತಿರಲಿಲ್ಲ. ನಮ್ಮ ಚಿಗವ್ವನಂತೂ ಹೊತ್ತು ಮುಳುಗುವಾಗ ಕಂದಕದ ಕಡೆಯಿಂದ ಬೀಸುವ ಗಾಳಿಗೂ ಹೆಸರಿಟ್ಟು ಕರೆಯುವವಳು. "ಯಾರು ನೋಡ್ಯಾರ? ನೀ ನೋಡೀಯೇನು?" ಎಂದು ಅವಳಿಗೆ ಎದುರು ಮಾತಾಡಿ ಬೈಸಿಕೊಳ್ಳುತ್ತಲೇ ನಾನು ದೊಡ್ಡವಳಾದೆ. ಕೃಷಿ ಓದಿ, ಭತ್ತದ ಮೇಲೆ ಕೆಲಸ ಮಾಡುವವಳಾದ ಮೇಲಂತೂ ಕೇಳುವುದೇ ಬೇಡ. ನೋಡಿದವರು ಹೇಳುವುದಿಲ್ಲ, ಹೇಳುವವರು ನೋಡಿರುವುದಿಲ್ಲ ಎನ್ನುವುದು ನನ್ನ ಮಾತಾಗಿತ್ತು. ಈಗ ಹೇಳಲು ಕೂತಿರುವ ನಾನೂ ಏನನ್ನೂ ನೋಡಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡು ಶುರುಮಾಡುತ್ತೇನೆ.

ನಾನು ಕೆಲಸ ಮಾಡುವುದು ಸಿಂಧನೂರು ತಾಲೂಕಿನ ಕಾಲುವೆ ಸೀಮೆಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ. ಅದರ ಹೆಸರು ಬೇಡ. ಸುಗ್ಗಿ ಬಂತೆಂದರೆ ನಮ್ಮ ಕೇಂದ್ರ ಮದುವೆ ಮನೆ ಇದ್ದ ಹಾಗೆ. ವರ್ಷವಿಡೀ ಮುಖ ಗಂಟಿಕ್ಕಿಕೊಂಡು ಓಡಾಡುವ ನಮ್ಮ ಮುಖ್ಯಸ್ಥರು ಕೂಡ ಆಗ ಪ್ಯಾಂಟು ಮಡಿಸಿ ಬದುವಿನ ಮೇಲೆ ನಿಂತು ನಗುತ್ತಾರೆ. ಪೂರ್ತಿ ಹಳದಿಯಾದ ಭತ್ತದ ನಡುವೆ ಬೆಳಗಿನ ಹೊತ್ತು ನಡೆದುಹೋಗುವಾಗ ಬರುವ ವಾಸನೆ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸ ಬಿಟ್ಟು ಬೇರೆಲ್ಲೂ ಹೋಗಿಲ್ಲ ಎಂದರೆ ನೀವು ನಂಬಬೇಕು. ಸುಗ್ಗಿಯಲ್ಲೇ ಹೊಸ ಸಿಬ್ಬಂದಿ ಬಂದು ಸೇರಿದರಂತೂ ನಮಗೆ ಹಿಗ್ಗೋ ಹಿಗ್ಗು. ಸುಗ್ಗಿಯಲ್ಲಿ ಬಂದವರ ಕಾಲ್ಗುಣ ಒಳ್ಳೆಯದು ಎಂದು ನಮ್ಮಲ್ಲಿ ಒಂದು ಮಾತಿದೆ.

ಹೊಸಬರನ್ನು ಸ್ವಾಗತಿಸಲು ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ನಮ್ಮ ಹೊಲಗಳ ಒಂದು ಅಂಚಿಗೆ ಉಪಕಾಲುವೆ ಹರಿಯುತ್ತದೆ. ಹಿಂದೆ ಅದರ ಮೇಲೆ ಜನ ನಡೆದು ದಾಟಲು ಒಂದು ಹಲಗೆ ಸೇತುವೆ ಇತ್ತಂತೆ. ಒಂದು ಮಳೆಗಾಲ ಅದು ಕೊಚ್ಚಿಕೊಂಡು ಹೋಯಿತು. ಪುಣ್ಯಕ್ಕೆ ಆಗ ಅದರ ಮೇಲೆ ಯಾರೂ ಇರಲಿಲ್ಲ. ಮತ್ತೆ ಯಾರೂ ಕಟ್ಟಿಸುವ ಗೋಜಿಗೆ ಹೋಗಲಿಲ್ಲ. ಈಗ ಎರಡು ದಂಡೆಯಲ್ಲೂ ಒಂದೊಂದು ಮೋಟು ಕಲ್ಲುಕಂಬ ಮಾತ್ರ ಉಳಿದಿವೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗಾಗಲೇ ಸೇತುವೆ ಹೋಗಿ ಎಷ್ಟೋ ಕಾಲವಾಗಿತ್ತು. ಅದನ್ನು ಕಂಡವರೆಂದರೆ ನಮ್ಮ ಹೊಲದ ಮೇಸ್ತ್ರಿ ಖಾಸಿಂಸಾಬರು ಒಬ್ಬರೇ. ನಾವೆಲ್ಲ ಅವರನ್ನು ಖಾಸಿಂಚಾಚಾ ಎನ್ನುತ್ತೇವೆ. ಹೊಸಬರನ್ನು ಆಟ ಆಡಿಸುವ ಪದ್ಧತಿ ಹುಟ್ಟುಹಾಕಿದವರೂ ಅವರೇ.

ಹೊಸಬರು ಫೋನ್ ಮಾಡಿ ದಾರಿ ಕೇಳಿದರೆ ನಾವು ದೊಡ್ಡ ರಸ್ತೆ ಹೇಳುತ್ತಿರಲಿಲ್ಲ. "ಬಸ್ ಇಳಿದು ಕಾಲುವೆ ದಂಡೆ ಹಿಡಿದು ಬನ್ನಿ, ಹಲಗೆ ಸೇತುವೆ ಸಿಗುತ್ತದೆ, ದಾಟಿದರೆ ಸೀದಾ ನಮ್ಮ ಹೊಲ" ಎನ್ನುತ್ತಿದ್ದೆವು. ಅವರು ಬಂದು ಮೋಟು ಕಂಬದ ಹತ್ತಿರ ನಿಂತು ಕಕ್ಕಾಬಿಕ್ಕಿಯಾಗುತ್ತಿದ್ದರು. ಮತ್ತೆ ಫೋನ್ ಮಾಡಿದರೆ, "ಅಲ್ಲೇ ಇದೆಯಲ್ಲ, ಕಣ್ಣು ಬಿಟ್ಟು ನೋಡಿ, ದಾಟಿ ಬನ್ನಿ" ಎನ್ನುತ್ತಿದ್ದೆವು. ಈಚೆ ದಂಡೆಯ ಜಾಲಿಗಿಡದ ಹಿಂದೆ ಅಡಗಿ ಕೂತ ಖಾಸಿಂಚಾಚಾ ಕೊನೆಗೆ ಹಾರ ಹಿಡಿದುಕೊಂಡು ನಗುತ್ತ ಎದ್ದು ನಿಲ್ಲುತ್ತಿದ್ದರು. ಆಮೇಲೆ ಟ್ರ್ಯಾಕ್ಟರ್ ದೊಡ್ಡ ರಸ್ತೆಯ ಸೇತುವೆಯ ಮೇಲಿಂದ ಸುತ್ತು ಹಾಕಿಕೊಂಡು ಹೋಗಿ ಅವರನ್ನು ಮೆರವಣಿಗೆಯಲ್ಲಿ ಕರೆತರುತ್ತಿತ್ತು. ಬಂದವರಿಗೆ ಮಂಡಕ್ಕಿಯ ಬಿಸಿ ಬಿಸಿ ಮಂಡಾಳೊಗ್ಗರಣೆ, ಮಿರ್ಚಿ ಬಜ್ಜಿ. ನಾನು ಸೇರಿದಾಗ ನನಗೂ ಇದನ್ನೇ ಮಾಡಿದ್ದರು. ನಾನು ದಂಡೆಯ ಮೇಲೆ ನಿಂತು ಅತ್ತೇ ಬಿಟ್ಟಿದ್ದೆ ಎಂದು ಖಾಸಿಂಚಾಚಾ ಈಗಲೂ ಹೇಳಿಕೊಂಡು ತಿರುಗುತ್ತಾರೆ. ಅತ್ತಿರಲಿಲ್ಲ, ಕಣ್ಣಿಗೆ ಧೂಳು ಬಿದ್ದಿತ್ತು.

ಕಾಲುವೆ ಮಾತ್ರ ನಗುವಂಥದ್ದಲ್ಲ. ಸುಗ್ಗಿಯ ಹೊತ್ತಿಗೂ ಅದರಲ್ಲಿ ಆಳು ಮುಳುಗುವಷ್ಟು ನೀರು ಇರುತ್ತದೆ. ಎರಡೂ ಬದಿಗೆ ಸಿಮೆಂಟು ಹಾಕಿರುವುದರಿಂದ ಬಿದ್ದ ಎಮ್ಮೆ ಕೂಡ ಹತ್ತಿ ಬರಲಾರದು. ಅದಕ್ಕೇ ಈಚೆ ದಂಡೆಯಲ್ಲಿ ಒಬ್ಬರು ಕಾವಲಿಲ್ಲದೆ ಈ ಆಟ ಆಡಕೂಡದೆಂದು ಚಾಚಾ ಕಟ್ಟುನಿಟ್ಟು ಮಾಡಿದ್ದರು.

ಕೆಲವು ವರ್ಷಗಳ ಹಿಂದಿನ ಮಾತು. ಆ ಸುಗ್ಗಿಗೆ ನಮ್ಮಲ್ಲಿ ಇಬ್ಬರು ಹೊಸಬರು ಸೇರುವವರಿದ್ದರು. ಒಬ್ಬಳು ಲಿಂಗಸುಗೂರಿನ ಶಾಹೀನ್, ಇನ್ನೊಬ್ಬ ಮಂಡ್ಯದ ಕಡೆಯ ನವೀನ. ಇಬ್ಬರೂ ನನ್ನ ಕೈಕೆಳಗೇ ಕ್ಷೇತ್ರ ಸಹಾಯಕರಾಗಿ ಬರುವವರು. ಶಾಹೀನ್ ಫೋನಿನಲ್ಲೇ ನನಗೆ ಇಷ್ಟವಾಗಿಬಿಟ್ಟಿದ್ದಳು. "ಮೇಡಂ, ನಮ್ಮಪ್ಪಂದು ಮಸ್ಕಿ ಸಂತ್ಯಾಗ ಬಿತ್ತನಿ ಬೀಜದ ಅಂಗಡಿರಿ. ನಾ ನಡಿಯೂದು ಕಲಿಯೋಕಿಂತ ಮದ್ಲು ನೆಲ್ಲು ಮುಕ್ಕಾಕ ಕಲ್ತೀನಂತ್ರಿ" ಎಂದಿದ್ದಳು. ನವೀನ ಮಾತು ಕಡಿಮೆಯ ಹುಡುಗ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಸಿಂಧನೂರಿಗೆ ಬಂದು ಇಳಿಯುವವನಿದ್ದ. ಅಲ್ಲಿಂದ ಇಬ್ಬರೂ ಕೂಡಿ ಬನ್ನಿ ಎಂದು ನಾನೇ ಹೇಳಿದ್ದೆ. ಬೆಳಿಗ್ಗೆ ಶಾಹೀನ್ ಫೋನ್ ಮಾಡಿ ದಾರಿ ಕೇಳಿದಾಗ, ಪದ್ಧತಿ ಪ್ರಕಾರ ಹಲಗೆ ಸೇತುವೆಯ ದಾರಿ ಹೇಳಿದೆ. ಹಾರ ತಂದದ್ದಾಗಿತ್ತು. ಚಾಚಾ ಜಾಲಿಗಿಡದ ಕೆಳಗೆ ಗೋಣಿಚೀಲ ಹಾಸಿ ಜಾಗ ಮಾಡಿಕೊಂಡದ್ದೂ ಆಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಮೂಡಣ ದಿಕ್ಕು ಕಪ್ಪಾಗತೊಡಗಿತು. ಸಮುದ್ರದಲ್ಲಿ ಎಲ್ಲೋ ಎದ್ದ ಸೈಕ್ಲೋನು ನಮ್ಮ ಕಡೆ ತಿರುಗಿದೆ, ಸಂಜೆಯೊಳಗೆ ಮಳೆ ಎಂದು ಮುಖ್ಯಸ್ಥರು ಓಡಿ ಬಂದು ಹೇಳಿದರು. ನಾನು ನನ್ನ ಹೊಲದ ಕಡೆ ನೋಡಿದೆ. ಮರುದಿನ ಕೊಯ್ಯಬೇಕೆಂದು ಬಿಟ್ಟಿದ್ದ ಹೊಲ ಅದು. ಉಪ್ಪು ಹತ್ತಿದ ಸವುಳು ನೆಲದಲ್ಲೂ ತಡೆದು ನಿಲ್ಲುವ ಭತ್ತದ ತಳಿಗಾಗಿ ನಾನು ವರ್ಷಾನುಗಟ್ಟಲೆ ಕೂತ ಹೊಲ. ಕಾಲುವೆಯ ಕೊನೆಯಂಚಿನ ರೈತರು ಎಷ್ಟೋ ಸಲ ಬಂದು ಅದರ ತೆನೆ ಕೈಯಲ್ಲಿ ಹಿಡಿದು ನೋಡಿ ಹೋಗಿದ್ದರು. ಹಣ್ಣಾದ ಭತ್ತದ ಮೇಲೆ ಸೈಕ್ಲೋನ್ ಮಳೆ ಸುರಿದರೆ ಮಲಗುತ್ತದೆ, ತೆನೆಯಲ್ಲೇ ಮೊಳೆಯುತ್ತದೆ, ಪಕ್ಕದ ತಳಿಯ ಜೊತೆ ಕಲಸಿಹೋಗುತ್ತದೆ. ಮಿಷನ್ ಹಾಕುವ ಹಾಗಿಲ್ಲ, ಅದು ಎಲ್ಲವನ್ನೂ ಬೆರೆಸಿಬಿಡುತ್ತದೆ. ಕೈಯಲ್ಲೇ ಕೊಯ್ಯಬೇಕು. ಆಳುಗಳೋ, ಮುಕ್ಕಾಲು ಪಾಲು ಹತ್ತಿ ಬಿಡಿಸಲು ಹೋಗಿದ್ದರು. ಉಳಿದದ್ದು ವಳಕಮದಿನ್ನಿಯ ಹುಲಿಗೆಮ್ಮ ಮತ್ತು ಅವಳ ಜೊತೆಯ ಕೆಲವೇ ಹೆಂಗಸರು.

ಕೇಂದ್ರಕ್ಕೆ ಕೇಂದ್ರವೇ ಹೊಲಕ್ಕಿಳಿಯಿತು. ಗುಮಾಸ್ತರು, ಡ್ರೈವರು, ಅಡಿಗೆಯವರು, ಎಲ್ಲರೂ. ನಮ್ಮಲ್ಲಿ ಒಂದು ತಳಿಯ ಹೊಲದಿಂದ ಇನ್ನೊಂದಕ್ಕೆ ಕಾಲಿಡುವ ಮುಂಚೆ ಬದುವಿನ ಮೇಲೆ ನಿಂತು ಸೀರೆ, ಲುಂಗಿ, ಪ್ಯಾಂಟಿನ ಮಡಿಕೆ ಎಲ್ಲ ಜಾಡಿಸಬೇಕು. ಒಂದು ಕಾಳು ಕೂಡ ಆಚೆಯಿಂದ ಈಚೆಗೆ ಬರಬಾರದು. ಆ ಗಡಿಬಿಡಿಯಲ್ಲೂ ಹುಲಿಗೆಮ್ಮ ಬದುವಿನ ಮೇಲೆ ಕುಡುಗೋಲು ಹಿಡಿದು ನಿಂತು, ಮುಖ್ಯಸ್ಥರನ್ನೇ ತಡೆದು, "ಸಾಹೇಬ್ರ, ಪ್ಯಾಂಟ್ ಝಾಡಿಸ್ರಿ, ಆಮ್ಯಾಲೆ ಒಳಗ ಬರ್ರಿ" ಎಂದಳು. ಅವರು ಕುಣಿದು ಕುಣಿದು ಝಾಡಿಸಿದ ಪರಿ ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹೆದರಿಕೆಯೂ ಇತ್ತು, ನಗುವೂ ಇತ್ತು. ಮೈಯಲ್ಲಿ ಎಲ್ಲಿತ್ತೋ ಏನೋ ಅಂಥ ಹುರುಪು, ನಾನು ಸೊಂಟ ಮೇಲೆತ್ತದೆ ಕೊಯ್ಯುತ್ತಿದ್ದೆ.

ಆಗ ಫೋನ್ ಬಂತು. ಶಾಹೀನ್.

"ಮೇಡಂ, ಬ್ರಿಜ್ ಹತ್ರ ಬಂದು ನಿಂತೀವ್ರಿ. ನಡಬರಕ ಒಂದು ಹಲಗಿ ಸಡ್ಲ ಆದಂಗ ಕಾಣತೈತಿ. ದಾಟಬಹುದೇನ್ರಿ?"

ನನಗೆ ನಗು ಬಂತು. ಯಾರೋ ಗುಟ್ಟು ಬಿಟ್ಟುಕೊಟ್ಟಿದ್ದಾರೆ, ಈ ಹುಡುಗಿ ನಮಗೇ ತಿರುಗಿಸಿ ಆಟ ಆಡಿಸುತ್ತಿದ್ದಾಳೆ ಎಂದುಕೊಂಡೆ. ಇಷ್ಟು ವರ್ಷದಲ್ಲಿ ಹೀಗೆ ತಿರುಗೇಟು ಕೊಟ್ಟವರು ಒಬ್ಬರೂ ಇರಲಿಲ್ಲ. ಭಲೆ ಎಂದುಕೊಂಡು ನಾನೂ ಬಿಡಲಿಲ್ಲ.

"ಏನೂ ಆಗಂಗಿಲ್ಲ, ದಾಟಿ ಬರ್ರಿ ಲಗೂನ, ಮಳಿ ಬರೂ ಹಂಗೈತಿ" ಎಂದೆ.

"ಹೂಂರಿ" ಎಂದಳು. ಫೋನ್ ನಿಂತಿತು.

ನಗುತ್ತಲೇ ಕತ್ತೆತ್ತಿದೆ. ಎದುರಿಗೆ ಟ್ರ್ಯಾಕ್ಟರಿನ ಮೇಲೆ ಹೊರೆ ಮುಚ್ಚುವ ತಾಡಪತ್ರಿಯ ಕಟ್ಟು ಹೇರಿಕೊಂಡು ಖಾಸಿಂಚಾಚಾ ಬರುತ್ತಿದ್ದರು. ಶೆಡ್ಡಿನಿಂದ ತಾಡಪತ್ರಿ ತರಲು ಅವರನ್ನು ಜಾಲಿಗಿಡದ ಕೆಳಗಿಂದ ಎಬ್ಬಿಸಿ ಕಳಿಸಿದ್ದು ನಾನೇ. ಮೋಡ ನೋಡಿದ ಗಾಬರಿಯಲ್ಲಿ ಅದು ನನಗೆ ಪೂರ್ತಿ ಮರೆತುಹೋಗಿತ್ತು. ಕಾಲುವೆಯ ದಂಡೆಯಲ್ಲಿ ಯಾರೂ ಇರಲಿಲ್ಲ.

ಆಗ ನನಗಾದದ್ದನ್ನು ಹೇಗೆ ಹೇಳಲಿ? ಕುಡುಗೋಲು ಎಲ್ಲಿ ಬಿತ್ತೋ ಗೊತ್ತಿಲ್ಲ. "ಚಾಚಾ, ಅವರು ದಂಡಿ ಮ್ಯಾಲೆ ಅದಾರ, ದಾಟಿ ಬರ್ರಿ ಅಂದೀನಿ" ಎಂದೆ. ಚಾಚಾ ಟ್ರ್ಯಾಕ್ಟರಿನಿಂದ ಜಿಗಿದರು. ಅವರ ವಯಸ್ಸಿಗೆ ಹಾಗೆ ಓಡಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ. ಇಬ್ಬರೂ ಬದುವಿನ ಮೇಲೆ ಕಾಲುವೆ ಕಡೆ ಓಡಿದೆವು. ಆಟವಾಡುತ್ತಿದ್ದಾಳೆ, ಸುಮ್ಮನೆ ಆಡಿಸುತ್ತಿದ್ದಾಳೆ ಎಂದು ಮನಸ್ಸು ಒಂದು ಕಡೆ ಹೇಳುತ್ತಿತ್ತು. ಕತ್ತಲು ಕವಿದ ಮೋಡ, ಗುರುತಿಲ್ಲದ ಜಾಗ, ಕಲ್ಲುಕಂಬದ ಅಂಚಿಗೆ ಬಂದು ಇಣುಕುವ ಇಬ್ಬರು ಮಕ್ಕಳು, ಅಂಗಾಲಿನ ಕೆಳಗೆ ಜಾರುವ ಸಿಮೆಂಟು, ಇದೆಲ್ಲ ಇನ್ನೊಂದು ಕಡೆ ಕಣ್ಣಿಗೆ ಕಟ್ಟುತ್ತಿತ್ತು.

ಅರ್ಧ ದಾರಿಗೆ ಹೋಗಿರಲಿಲ್ಲ, ಅವರು ಎದುರಿಗೇ ಬಂದರು. ಈಚೆ ಕಡೆಯಿಂದಲೇ. ಕಾಲುವೆಗೆ ಬೆನ್ನು ಮಾಡಿ, ನಮ್ಮ ಬದುವಿನ ಮೇಲೆ, ಶಾಹೀನ್ ಮುಂದೆ, ತಲೆಯ ಮೇಲೆ ಚೀಲ ಹೊತ್ತ ನವೀನ ಹಿಂದೆ. ಅವನು ಅವಳ ದುಪಟ್ಟಾದ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. ಶಾಹೀನ್ ನಗುತ್ತಿದ್ದಳು.

"ಸಲಾಂ ಮೇಡಂ. ನಿಮ್ ಬ್ರಿಜ್ ಭಾಳ ಅಲಗಾಡತೈತ್ರಿ" ಎಂದಳು.

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ಸೇರಲು ಬಂದವರನ್ನು ಹಾಗೆ ತಬ್ಬಿಕೊಂಡದ್ದು ನಮ್ಮ ಕೇಂದ್ರದಲ್ಲಿ ಅದೇ ಮೊದಲಿರಬೇಕು. ಅವಳು ಗಾಬರಿಯಾದಳು. ಚಾಚಾ ಬದುವಿನ ಮೇಲೆ ಕುಸಿದು ಕೂತು ಏದುಸಿರು ಬಿಡುತ್ತ, "ಅರೆ, ಹುಷಾರ್ ಅದಾರ ಇವ್ರು, ನಮ್ಮನ್ನ ಮೀರಿಸ್ಯಾರ" ಎಂದು ನಕ್ಕರು. ಯಾರೋ ಮೊದಲೇ ಹೇಳಿರಬೇಕು, ಬೇರೆ ಯಾವುದೋ ದಾರಿಯಿಂದ ಬಂದು ನಮಗೇ ಟೋಪಿ ಹಾಕಿದ್ದಾರೆ ಎಂದೇ ನಾವಿಬ್ಬರೂ ಅಂದುಕೊಂಡೆವು. ಕೇಳುತ್ತ ಕೂರಲು ಪುರುಸೊತ್ತು ಎಲ್ಲಿತ್ತು? ಇಬ್ಬರ ಕೈಗೂ ಒಂದೊಂದು ಕುಡುಗೋಲು ಕೊಟ್ಟೆ. ಕೊಡುವಾಗ ಶಾಹೀನಳ ಬಲ ಅಂಗೈಯಲ್ಲಿ ಕೆಂಪನೆ ತುಕ್ಕಿನ ಗೆರೆ ಕಂಡಿತು. ಕುಡುಗೋಲು ಹಿಡಿಯುವ ಮುಂಚೆಯೇ ಕಂಡೆ ಎಂದು ನನ್ನ ನೆನಪು. ಇರಲಿ, ಆ ಗಡಿಬಿಡಿಯಲ್ಲಿ ನನ್ನ ನೆನಪನ್ನೇ ಪೂರ್ತಿ ನಂಬುವ ಹಾಗಿಲ್ಲ.

ಆ ಮುಂದಿನ ಹೊತ್ತನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸ್ವಾಗತ ಭಾಷಣ ಇಲ್ಲ, ಹಾರ ಇಲ್ಲ, ಹೊಸಬರಿಬ್ಬರೂ ಬಟ್ಟೆ ಝಾಡಿಸಿ ಒಳಗಿಳಿದರು. ನವೀನ ಬಾಯಿ ಬಿಡದಿದ್ದರೂ ಕೈಯಲ್ಲೇ ಮಾತಾಡುವವನು, ಸರಸರನೆ ಸಾಲು ಮುಗಿಸುತ್ತಿದ್ದ. ಹುಲಿಗೆಮ್ಮ, "ಯವ್ವಾ, ಈ ಹುಡುಗ ನಮ್ಮ ಹೊಟ್ಟಿ ಮ್ಯಾಲೆ ಹೊಡ್ಯಾಕ ಬಂದಾನ" ಎಂದು ರೇಗಿಸಿದಳು. ಶಾಹೀನ್ ಸಿವುಡು ಕಟ್ಟಿ ಎತ್ತಿ ಕೊಡುತ್ತಿದ್ದಳು. ಮೊದಲ ಹನಿ ನನ್ನ ಕೈಮೇಲೆ ಬಿದ್ದಾಗ ಇನ್ನೂ ಒಂದು ಪಟ್ಟೆ ಉಳಿದಿತ್ತು. ಎಲ್ಲರೂ ಅದರ ಮೇಲೆ ಬಿದ್ದರು. ಕೊನೆಯ ಹೊರೆ ಶೆಡ್ಡಿನ ಒಳಗೆ ಹೋಗುವುದಕ್ಕೂ ಆಕಾಶ ಹರಿದು ಬೀಳುವುದಕ್ಕೂ ಸರಿಹೋಯಿತು. ಶೆಡ್ಡಿನ ತಗಡಿನ ಮೇಲೆ ಮಳೆಯ ಸದ್ದು, ಒಳಗೆ ನಮ್ಮ ಕೇಕೆ. ಮುಖ್ಯಸ್ಥರು ಒದ್ದೆ ತಲೆಯಲ್ಲೇ ಕುಣಿದರು. ನಾನು ಭತ್ತದ ಹೊರೆಗಳ ಮೇಲೆ ಅಂಗಾತ ಮಲಗಿಬಿಟ್ಟೆ. ಆ ಇಬ್ಬರು ಬರದಿದ್ದರೆ ಆ ಕೊನೆಯ ಪಟ್ಟೆ ಹೋಗುತ್ತಿತ್ತು ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಬಿಸಿ ಮಿರ್ಚಿ, ಮಂಡಾಳೊಗ್ಗರಣೆ ಬಂತು. ಬಾಡಿದ ಹಾರಗಳನ್ನು ಹುಡುಕಿ ತಂದು ಇಬ್ಬರ ಕೊರಳಿಗೂ ಹಾಕಿದೆವು. ಎಲ್ಲರೂ ಸುತ್ತ ಕೂತಿದ್ದಾಗ ಖಾಸಿಂಚಾಚಾ ಮಿರ್ಚಿ ಕಡಿಯುತ್ತ ಕೇಳಿದರು, "ಈಗರ ಹೇಳವ್ವಾ, ನಿಮಗ ಗುಟ್ಟು ಹೇಳ್ದವ್ರು ಯಾರು? ಯಾವ ಕಡಿಂದ ಬಂದ್ರಿ?"

"ಯಾವ ಗುಟ್ಟ್ರಿ ಚಾಚಾ?" ಎಂದಳು ಶಾಹೀನ್. "ಮೇಡಂ ಹೇಳ್ದಂಗ ದಂಡಿ ಹಿಡದು ಬಂದ್ವಿ, ಬ್ರಿಜ್ ದಾಟಿದ್ವಿ."

ಎಲ್ಲರೂ ಘೊಳ್ಳನೆ ನಕ್ಕರು. ಅವಳೂ ನಕ್ಕಳು, ಯಾಕೆ ನಗುತ್ತಿದ್ದೇವೆಂದು ಗೊತ್ತಾಗದೆ ಒಬ್ಬೊಬ್ಬರ ಮುಖ ನೋಡುತ್ತ. ಚಾಚಾ ಬಿಡಲಿಲ್ಲ. "ಹಂಗಾರ ನಿಮ್ ಬ್ರಿಜ್ ಹ್ಯಾಂಗಿತ್ತು, ಅದನ್ನಾರ ಹೇಳು" ಎಂದರು.

ಅವಳು ಹೇಳತೊಡಗಿದಳು. ಕಂಬಿ ಒಂದೇ ಕಡೆಗಿದೆ, ಬಲಗಡೆ. ತುಕ್ಕು ಹಿಡಿದಿದೆ. ಹಲಗೆಗಳ ಸಂದಿಯಲ್ಲಿ ನೀರು ಕಾಣುತ್ತದೆ. "ನಡಬರಕ ಒಂದು ಹಲಗಿ ಮ್ಯಾಲೆ ಎಣ್ಣಿ ಡಬ್ಬಿ ತಗಡು ಬಡದಾರಲ್ರಿ, ಅದ್ರ ಮ್ಯಾಲೆ ಕಾಲಿಟ್ರ ಟಪ್ ಅಂತ ಸಪ್ಪಳ ಆತು. ಇವರಂತೂ ಎದಿ ಒಡದು ನಿಂತೇಬಿಟ್ರು" ಎಂದು ನವೀನನ ಕಡೆ ಕೈ ಮಾಡಿದಳು.

ನವೀನ ನಾಚಿಕೊಂಡ. "ನಂಗೆ ಚಿಕ್ಕಂದಿನಿಂದ್ಲೂ ನಾಲೆ ಅಂದ್ರೆ ಭಯ ಮೇಡಂ. ಕಣ್ಣು ಮುಚ್ಕೊಂಡು ಇವ್ರ ದುಪಟ್ಟಾ ಹಿಡ್ಕೊಂಡೇ ಬಂದೆ. ಏನೂ ನೋಡ್ಲಿಲ್ಲ. ತಗಡಿನ ಸದ್ದು ಮಾತ್ರ ಕೇಳಿಸ್ತು" ಎಂದ.

ನಗುತ್ತಿದ್ದವರಲ್ಲಿ ಒಬ್ಬರು ನಗು ನಿಲ್ಲಿಸಿದ್ದನ್ನು ನಾನು ಕಂಡೆ. ಚಾಚಾ ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ತಟ್ಟೆಯಲ್ಲಿಟ್ಟರು. ಆಮೇಲೆ ನನ್ನೊಬ್ಬಳಿಗೇ ಕೇಳುವ ಹಾಗೆ, "ಅಕ್ಕಾರ, ಆ ತಗಡು ಬಡದವ ನಾನ. ಹಲಗಿ ಮುರದಿತ್ತಂತ ಬಡದಿದ್ದೆ. ಯಾರಿಗೂ ಹೇಳಿಲ್ಲ, ಹೇಳೂವಂಥಾದ್ದು ಏನೈತಿ ಅದ್ರಾಗ" ಎಂದರು.

ಮಳೆ ಸ್ವಲ್ಪ ಹೊಳವಾಗಿತ್ತು. ಇನ್ನೂ ಬೆಳಕಿತ್ತು. ನಾವು ನಾಲ್ವರೂ ಕಾಲುವೆಗೆ ಹೋದೆವು. ದಾರಿಯುದ್ದಕ್ಕೂ ಶಾಹೀನ್, ನಾನೇನು ತಪ್ಪು ಮಾಡಿದೆನೋ ಎಂಬಂತೆ ಬೇಗ ಬೇಗ ನಡೆದಳು. ಬದುವಿನ ಮೇಲೆ ಹೆಜ್ಜೆಯ ಗುರುತೇನಾದರೂ ಇದ್ದರೆ ಅದನ್ನೆಲ್ಲ ಮಳೆ ತೊಳೆದಿತ್ತು. ಜಾಲಿಗಿಡ ದಾಟಿ ಮೋಟು ಕಂಬದ ಹತ್ತಿರ ನಿಂತೆವು. ಕೆಳಗೆ ಕೆಂಪು ನೀರು ದಂಡೆಯ ಅಂಚಿನವರೆಗೂ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಇನ್ನೊಂದು ಮೋಟು ಕಂಬ. ಎರಡರ ನಡುವೆ ಏನೂ ಇರಲಿಲ್ಲ.

ಶಾಹೀನ್ ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ಇಲ್ಲೇ ಇತ್ರಿ" ಎಂದಳು. ಮೊದಲು ಕೊಚ್ಚಿಕೊಂಡು ಹೋಗಿರಬೇಕು ಎಂದುಕೊಂಡಳೆಂದು ಕಾಣುತ್ತದೆ, ಕಂಬದ ನೆತ್ತಿಯನ್ನು ಕೈಯಿಂದ ಸವರಿದಳು. ಅದರ ಮೇಲೆ ವರ್ಷಗಳಿಂದ ಕೂತ ಪಾಚಿ ಇತ್ತು. ಸಂದಿಯಲ್ಲಿ ಬೆರಳಷ್ಟು ದಪ್ಪನೆಯ ಬೇವಿನ ಸಸಿ ಬೆಳೆದಿತ್ತು. ಆಗ ಅವಳು ಕೈ ಹಿಂದಕ್ಕೆಳೆದುಕೊಂಡಳು. ನವೀನ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. ಅವನ ಅಂಗಿಯನ್ನೂ ಪ್ಯಾಂಟನ್ನೂ ಮಳೆ ತೋಯಿಸಿತ್ತು. ಆದರೆ ಬದುವಿನ ಮೇಲೆ ಎದುರಿಗೆ ಬಂದಾಗ ಇಬ್ಬರ ಬಟ್ಟೆಯೂ ಒಣಗಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಶಾಹೀನಳನ್ನಂತೂ ನಾನೇ ತಬ್ಬಿಕೊಂಡಿದ್ದೆನಲ್ಲ.

"ನೀವ ದಾಟಿ ಬರ್ರಿ ಅಂದ್ರಿ ಮೇಡಂ" ಎಂದಳು ಶಾಹೀನ್. ದೂರಿನ ಧ್ವನಿಯಲ್ಲ ಅದು. ನಡೆದದ್ದನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಹಾಗಿತ್ತು. "ಹಲಗಿ ಸಡ್ಲ ಐತಿ ಅಂತ ನಿಂತಿದ್ವಿ. ಏನೂ ಆಗಂಗಿಲ್ಲ ಅಂದ್ರಿ. ಅದಕ್ಕ ಬಂದ್ವಿ."

ಅವಳನ್ನು ಎದೆಗೊರಗಿಸಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬೆಳೆ ಉಳಿದ ಸಂತೋಷ ಎಲ್ಲಿ ಹೋಯಿತೋ. ಆ ನೀರನ್ನು ನೋಡಿದಷ್ಟೂ ನನಗೆ ಬೇಕಾದದ್ದು ಒಂದೇ. ಇವರು ಸುಳ್ಳು ಹೇಳುತ್ತಿದ್ದಾರೆ ಎಂದಾಗಬೇಕು. ನನ್ನ ಮಾತು ಕೇಳಿ ಇಬ್ಬರು ಈ ನೀರಿನ ಮೇಲೆ ಕಾಲಿಟ್ಟಿಲ್ಲ ಎಂದಾಗಬೇಕು.

ಅದಕ್ಕಾಗಿ ನಾನು ಮಾಡದ ಪ್ರಯತ್ನ ಇಲ್ಲ. ಸುತ್ತು ಬಳಸಿ ಬಂದಿರಬಹುದೆ ಎಂದು ನೋಡಿದೆ. ಆವತ್ತು ದೊಡ್ಡ ರಸ್ತೆಯ ಸೇತುವೆಯ ಮೇಲೆ ಭತ್ತ ಕೊಯ್ಯುವ ಮಿಷನ್ನೊಂದು ಕೆಟ್ಟು ನಿಂತು, ಎರಡೂ ಕಡೆ ಲಾರಿ ಸಾಲುಗಟ್ಟಿದ್ದವು. ಅವರು ನಡೆದೇ ಬಂದಿರಬೇಕು ಎಂದಿಟ್ಟುಕೊಂಡರೂ ಅದು ತಾಸಿಗಿಂತ ಹೆಚ್ಚಿನ ದಾರಿ. ಫೋನ್ ಇಟ್ಟ ಮೇಲೆ ನಾನು ಓಡಿದ್ದು ಅರ್ಧ ಬದು. ಮೊದಲೇ ದಾಟಿ ಬಂದು ಈಚೆ ನಿಂತು ಫೋನ್ ಮಾಡಿದ್ದರೆ ಎಂದು ಕಾವಲುಗಾರರನ್ನು ಕೇಳಿದೆ. ಗೇಟಿನಲ್ಲಿ ಯಾರೂ ಬಂದಿಲ್ಲ ಎಂದರು. ಅವರೂ ಕೊಯ್ಲಿಗೆ ಇಳಿದಿದ್ದರೇನೋ, ಗೇಟಿನಿಂದ ಒಂದು ಗಳಿಗೆ ಎದ್ದು ಹೋಗಿದ್ದರೇನೋ, ಆ ಅನುಮಾನ ಇದ್ದೇ ಇದೆ. ಕಾಲುವೆ ನೋಡಿಕೊಳ್ಳುವ ಗ್ಯಾಂಗಿನವರು ಹಲಗೆಯೇನಾದರೂ ಹಾಕಿ ತೆಗೆದಿದ್ದರೆ ಎಂದು ಅವರನ್ನೂ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಳೆಯ ಸೇತುವೆಯ ಫೋಟೊ ಎಲ್ಲಾದರೂ ನೋಡಿದ್ದೆಯಾ ಎಂದು ಶಾಹೀನಳನ್ನೇ ಕೇಳಿದೆ. ಹಲಗೆ ಸೇತುವೆಯ ಫೋಟೊ ಯಾರು ತೆಗೆಯುತ್ತಾರ್ರಿ ಎಂದಳು. ಚಾಚಾ ಆಟವನ್ನು ಬೆಳೆಸಲು ತಗಡಿನ ಕಥೆ ಕಟ್ಟಿದರೆ? ಅದನ್ನೂ ಕೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನನಗೂ ಹಂಗ ಅನಸ್ಲಿ ಅಂತ ದುವಾ ಮಾಡಾಕತ್ತೀನಿ ಅಕ್ಕಾರ" ಎಂದಷ್ಟೇ ಹೇಳಿದರು.

ಸೇತುವೆಯ ಆಟ ಅಲ್ಲಿಗೆ ನಿಂತಿತು. ಇನ್ನು ಬೇಡ ಎಂದು ಯಾರೂ ಹೇಳಲಿಲ್ಲ, ಯಾರೂ ಮುಂದುವರಿಸಲೂ ಇಲ್ಲ. ಈಗ ಹೊಸಬರು ಬರುತ್ತಾರೆಂದರೆ ನಾನೇ ಕ್ರಾಸಿಗೆ ಹೋಗಿ ಬಸ್ಸಿಗೆ ಕಾಯುತ್ತೇನೆ. ನಮ್ಮ ಮೇಡಂ ಎಷ್ಟು ಒಳ್ಳೆ ಮನಸ್ಸಿನವರು ಎಂದು ಅವರು ಮನೆಗೆ ಫೋನ್ ಮಾಡಿ ಹೇಳುತ್ತಾರಂತೆ. ನಾನು ಅಲ್ಲ ಅನ್ನಲು ಹೋಗುವುದಿಲ್ಲ. ಆ ತಳಿ ಗೆದ್ದಿತು. ಕಾಲುವೆಯ ಕೊನೆಯಂಚಿನ ಸವುಳು ಹೊಲಗಳಲ್ಲಿ ಈಗ ಅದು ಎದೆಮಟ್ಟ ನಿಲ್ಲುತ್ತದೆ. ಚಿಗವ್ವನಿಗೆ ಮಾತ್ರ ಇದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಬದುಕಿರುವಷ್ಟು ದಿನ ಅವಳು ನನ್ನನ್ನು ಬಿಡುತ್ತಿರಲಿಲ್ಲ.

ನವೀನ ಆ ವಿಷಯ ಎತ್ತುವುದೇ ಇಲ್ಲ. ಶಾಹೀನ್ ಈಗ ನನ್ನ ಬಲಗೈ. ಕಳೆದ ಸುಗ್ಗಿಯಲ್ಲಿ, ಒಂದು ಮಧ್ಯಾಹ್ನ ನಾವಿಬ್ಬರೇ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಅವಳು ತಂದಿದ್ದ ಖಿಚಡಿ, ನನ್ನ ಸಜ್ಜೆ ರೊಟ್ಟಿ. ಬಿಸಿಲು ಹಿತವಾಗಿತ್ತು. ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಕೇಳಿಯೇಬಿಟ್ಟೆ.

"ಶಾಹೀನ್, ಖರೇ ಹೇಳು. ಅವತ್ತು ನೀ ನಮಗ ಮಜಾಕ ಮಾಡಿದ್ದೆ ಹೌದಿಲ್ಲೋ? ಈಗ ಹೇಳಿದ್ರ ನಾ ಏನೂ ಅನ್ನಂಗಿಲ್ಲ."

ಅವಳು ತುತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ನಕ್ಕಳು ಕೂಡ. ಆದರೆ ಅದು ಆಟ ಆಡಿಸುವವರ ನಗು ಆಗಿರಲಿಲ್ಲ. ಹಟ ಮಾಡುವ ಮಕ್ಕಳಿಗೆ ದೊಡ್ಡವರು ನಗುತ್ತಾರಲ್ಲ, ಹಾಗೆ.

"ಮಜಾಕ ಅಂದ್ರ ನಿಮಗ ಸಮಾಧಾನ ಆಗ್ತೈತೇನ್ರಿ ಮೇಡಂ? ಆಗತೈತಂದ್ರ ಹಂಗ ತಿಳ್ಕೋರಿ" ಎಂದಳು. "ನಾ ಮಜಾಕ ಮಾಡಿದ್ದೆ. ಬ್ರಿಜ್ ಇದ್ದಿಲ್ಲ."

ತನ್ನ ಡಬ್ಬಿಯಿಂದ ಇನ್ನೊಂದಿಷ್ಟು ಖಿಚಡಿಯನ್ನು ನನ್ನ ತಟ್ಟೆಗೆ ಹಾಕಿದಳು. ನನಗೆ ಬೇಕಾಗಿದ್ದ ಮಾತು ಅದೇ. ಇಷ್ಟು ವರ್ಷ ಅದನ್ನೇ ಕಾದಿದ್ದೆ. ಅವಳು ಅದನ್ನು ಕೇಳಿದ ಕೂಡಲೇ ಕೊಟ್ಟುಬಿಟ್ಟಳು. ತೆಗೆದುಕೊಳ್ಳಲು ಮಾತ್ರ ನನ್ನಿಂದ ಆಗಲಿಲ್ಲ. ಹೂಂ ಅನ್ನಲು ಬಾಯಿ ತೆರೆದೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ತೆರೆದ ಬಾಯಿಗೆ ಖಿಚಡಿಯ ತುತ್ತು ಇಟ್ಟುಕೊಂಡೆ.